ಕಾವಿನ ಕೋಣೆಯ ಮಾತುಗಳು

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಮೂರರಲ್ಲಿ ಎರಡು ಪಾಲು ದಾರಿ ಕಳೆದ ಮೇಲೆ ಆನಂದಪುರವು ಸಿಕ್ಕುತ್ತದೆ. ಅಲ್ಲಿಂದ ಸಾಗರಕ್ಕೆ ಸುಮಾರು 25 ಕಿಲೋಮೀಟರು. ಜಿಲ್ಲೆಯ ದೊಡ್ಡ ಆಸ್ಪತ್ರೆಗಳಿರುವ ಶಿವಮೊಗ್ಗಕ್ಕೆ ಹೆಚ್ಚುಕಡಮೆ ಅದರ ಇಮ್ಮಡಿ. ಹಗಲು ಹೊತ್ತಿನಲ್ಲಿ ಬಸ್ಸಿನಲ್ಲಿ ಕುಳಿತವನಿಗೆ ಇದೊಂದು ದೂರವೇ ಅಲ್ಲ. ಆದರೆ ಆಷಾಢದ ಮಳೆ ಹೊಡೆಯುತ್ತಿರುವ ರಾತ್ರಿಯಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೋಗುವವರಿಗೆ ಆ ದಾರಿಯು ಎಷ್ಟು ಉದ್ದವೆಂಬುದನ್ನು ಹೋದವರೇ ಬಲ್ಲರು.

ಆ ಊರಿನ ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗೆಯೇ ಆಯಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಎಂಟನೆಯ ತಿಂಗಳಿನಲ್ಲಿಯೇ ಹೆತ್ತಳು. ಕೂಸಿನ ತೂಕವು ಒಂದೂವರೆ ಕಿಲೋ ಸಹ ಇರಲಿಲ್ಲ. ತಾಯಿಯನ್ನೂ ಕೂಸನ್ನೂ ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಕೂಸಿನ ಸೋದರಮಾವನು, ಇನ್ನೂ ಕಾಲೇಜಿನಲ್ಲಿ ಓದುತ್ತಿರುವ ಹುಡುಗ, ಆಸ್ಪತ್ರೆಯ ಪಡಸಾಲೆಯಲ್ಲಿ ಉಳಿದುಕೊಂಡು ದಿನವೂ ಸಂಜೆ ಮನೆಗೆ ಫೋನು ಮಾಡುತ್ತಿದ್ದನು. ಒಂದು ದಿನ ನಾನು ಅವರ ಮನೆಗೆ ಹೋದಾಗ ಅಜ್ಜಿಯವರು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ನನ್ನ ಮುಂದಿಟ್ಟರು. ಅದರ ಬೆನ್ನಿನ ಮೇಲೆ, ಹುಡುಗನು ಹೇಳಿದಂತೆ, ಮೊಮ್ಮಗಳೊಬ್ಬಳ ಕೈಯಲ್ಲಿ ಬರೆಸಿಟ್ಟ ಏಳು ಪದಗಳಿದ್ದುವು: ಪ್ರಿಟರ್ಮ್, ಎನ್.ಐ.ಸಿ.ಯು., ವಾರ್ಮರ್, ಸಿಪ್ಯಾಪ್, ಸ್ಯಾಚುರೇಷನ್, ಆಪ್ನಿಯಾ, ಆರ್.ಓ.ಪಿ.

“ನೋಡು ತಮ್ಮಾ, ಇದರಲ್ಲಿ ಒಂದಾದರೂ ನನಗೆ ತಿಳಿಯೂದಿಲ್ಲ. ಸಿಪ್ಯಾಪು ಹಾಕಿದಾರೆ ಅಂತಾನೆ. ಯಾರಿಗೆ ಹಾಕಿದಾರೆ, ಎಲ್ಲಿಗೆ ಹಾಕಿದಾರೆ ಅಂದರೆ ಅವನಿಗೂ ಗೊತ್ತಿಲ್ಲ. ಕೂಸು ಉಸಿರಾಡ್ತದೋ ಇಲ್ಲವೋ, ಅದನ್ನ ಹೇಳೋ ಅಂದರೆ ಫೋನು ಇಟ್ಟುಬಿಡ್ತಾನೆ” ಎಂದರು ಅಜ್ಜಿ.

ಅಂದು ಸಂಜೆ ಅವರಿಗೆ ಹೇಳಿದ್ದನ್ನೇ, ಸ್ವಲ್ಪ ವಿಸ್ತರಿಸಿ, ಇಲ್ಲಿ ಬರೆದಿದ್ದೇನೆ. ವಾಚಕರಲ್ಲಿ ಅನೇಕರು ಆ ಹುಡುಗನ ವಯಸ್ಸಿನವರೇ. ಮನೆಯಲ್ಲಿ ಇಂಗ್ಲಿಷು ಓದಿದವರೆಂಬ ಕಾರಣಕ್ಕೆ ಅವರನ್ನೇ ಪಡಸಾಲೆಯಲ್ಲಿ ನಿಲ್ಲಿಸುವ ದಿನ ಬಂದೀತು.

ಪ್ರಿಟರ್ಮ್ ಎಂದರೆ ಅವಧಿಗೆ ಮುನ್ನ ಹುಟ್ಟಿದ್ದು ಎಂದಷ್ಟೇ ಅರ್ಥ. ತಾಯಿಯು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸಿ 40 ವಾರಗಳಿಗೆ, ಎಂದರೆ 280 ದಿನಗಳಿಗೆ, ಹೆರಿಗೆಯ ದಿನವನ್ನು ಗೊತ್ತುಮಾಡುವರು. 37 ವಾರಗಳು ತುಂಬುವ ಮೊದಲು ಹುಟ್ಟಿದ ಮಗುವೆಲ್ಲ ಅವಧಿಪೂರ್ವದ್ದೇ. ತೂಕಕ್ಕೂ ಇಂಥದೇ ಮೆಟ್ಟಿಲುಗಳುಂಟು: 2500 ಗ್ರಾಮಿಗಿಂತ ಕಡಮೆಯಾದರೆ ಕಡಮೆ ತೂಕ, 1500ಕ್ಕಿಂತ ಕಡಮೆಯಾದರೆ ಅತಿ ಕಡಮೆ, 1000ಕ್ಕಿಂತಲೂ ಕೆಳಗಿಳಿದರೆ ಅತ್ಯಂತ ಕಡಮೆ. ನಮ್ಮ ಕಡೆ ಒಂದು ಹಳೆಯ ನಂಬಿಕೆಯುಂಟು: ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯದು ಎಂದು. ಅಜ್ಜಿಯವರ ಅಂಜಿಕೆಗೆ ಇದೂ ಒಂದು ಕಾರಣವಾಗಿತ್ತು. ಪ್ರಾಚೀನ ಗ್ರೀಕರಲ್ಲಿಯೂ ಇದೇ ನಂಬಿಕೆಯಿತ್ತೆಂಬುದು ಕುತೂಹಲದ ವಿಷಯ. ಆದರೆ ಗ್ರೀಕರು ಹೇಳಿದರೂ ಅದು ತಪ್ಪು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಬಲವನ್ನು ಹೆಚ್ಚಿಸುತ್ತದೆ. ಎಂಟು ಏಳಕ್ಕಿಂತ ಯಾವಾಗಲೂ ಮೇಲೇ.

ಎನ್.ಐ.ಸಿ.ಯು. ಎಂಬುದು ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಇಂಗ್ಲಿಷು ಹೆಸರಿನ ಮೊದಲ ಅಕ್ಷರಗಳು. ಸರ್ಕಾರದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಾಗಿಲ ಮೇಲೆ ಎಸ್.ಎನ್.ಸಿ.ಯು. ಎಂದು ಬರೆದಿರುತ್ತದೆ, ವಿಶೇಷ ನವಜಾತ ಶಿಶು ಆರೈಕೆ ಘಟಕವೆಂದು ಅದರ ಅರ್ಥ. ಅದಕ್ಕಿಂತ ಕೆಳಗೆ, ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗಾಗಿ ಏರ್ಪಡಿಸಿದ್ದು ಎನ್.ಬಿ.ಎಸ್.ಯು.; ಇಲ್ಲಿ ಕೂಸನ್ನು ಒಂದು ಸ್ಥಿತಿಗೆ ತಂದು ಮುಂದಕ್ಕೆ ಕಳುಹಿಸುವರು. ಇನ್ನೂ ಕೆಳಗೆ, ಹೆರಿಗೆ ನಡೆಯುವ ಪ್ರತಿಯೊಂದು ಕೋಣೆಯಲ್ಲಿಯೂ ಇರಬೇಕಾದ ಒಂದು ಬೆಚ್ಚನೆಯ ಮೂಲೆ. ಮೂಲೆಯಿಂದ ಕೋಣೆಗೆ, ಕೋಣೆಯಿಂದ ದೊಡ್ಡ ಕೋಣೆಗೆ ಕೂಸು ಸಾಗುವುದು ಅದರ ಗತಿ ಕೆಟ್ಟಿತೆಂಬುದರ ಸೂಚನೆಯೇ ಆಗಬೇಕಾಗಿಲ್ಲ. 1800 ಗ್ರಾಮಿಗಿಂತ ಹಗುರವಾದ, ಅಥವಾ 34 ವಾರಗಳಿಗೆ ಮೊದಲೇ ಹುಟ್ಟಿದ ಕೂಸನ್ನು, ಅದು ನೋಡಲು ಎಷ್ಟೇ ಗೆಲುವಾಗಿದ್ದರೂ, ವಿಶೇಷ ಘಟಕಕ್ಕೆ ಸೇರಿಸಬೇಕೆಂಬುದು ನಿಯಮ.

ಇನ್ನು ವಾರ್ಮರ್. ಪದಕ್ಕೆ ಬೆಚ್ಚಗಿಡುವುದು ಎಂದು ಅರ್ಥ: ತೆರೆದ ತೊಟ್ಟಿಲು, ಮೇಲೆ ಶಾಖವನ್ನು ಸೂಸುವ ಒಂದು ದಂಡ, ಕೂಸಿನ ಚರ್ಮಕ್ಕೆ ಅಂಟಿಸಿದ ಒಂದು ಉಷ್ಣಮಾಪಕ. ಕೂಸಿನ ಮೈ ತಣಿದರೆ ಶಾಖವು ತಾನಾಗಿ ಏರುತ್ತದೆ. ಗಾಜಿನ ಪೆಟ್ಟಿಗೆಯಂತೆ ಮುಚ್ಚಿರುವುದಕ್ಕೆ ಇನ್‌ಕ್ಯುಬೇಟರ್ ಎನ್ನುವರು. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲಾರ್ಥ ಮೇಲೆ ಮಲಗುವುದು, ಎಂದರೆ ಕೋಳಿಯು ಮೊಟ್ಟೆಯ ಮೇಲೆ ಕೂರುವುದು. ನಮ್ಮ ಕಾವು ಎಂಬ ಎರಡಕ್ಷರದ ಪದವೇ ಅದು. ಮೂಲವು ನಿಜವಾಗಿಯೂ ಕೋಳಿಯೇ: 1880ರ ಸುಮಾರಿಗೆ ಪ್ಯಾರಿಸಿನ ಹೆರಿಗೆ ವೈದ್ಯ ಸ್ತೆಫಾನ್ ತಾರ್ನಿಯೇ ಎಂಬುವನು ಆ ನಗರದ ಪ್ರಾಣಿಸಂಗ್ರಹಾಲಯದಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಲ್ಲಿನ ಕೆಲಸಗಾರ ಓದಿಲ್ ಮಾರ್ತಾಂ ಎಂಬುವನಿಂದಲೇ ಕೂಸುಗಳಿಗಾಗಿ ಅಂಥದೊಂದನ್ನು ಮಾಡಿಸಿದನು. ಬೀಜದ ಭತ್ತವನ್ನು ನೆನೆಸಿ, ಹುಲ್ಲಿನಲ್ಲಿ ಸುತ್ತಿ, ಮೇಲೆ ಭಾರ ಹೇರಿ ಮೊಳಕೆ ಬರಿಸುವ ಮಲೆನಾಡಿನವರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೊಂದು ಕಾವು ಏಕೆ ಬೇಕು? ಇದಕ್ಕೆ ಉತ್ತರ ಶಾಲೆಯ ಗಣಿತದಲ್ಲಿದೆ. ಒಂದು ವಸ್ತುವಿನ ಉದ್ದಗಲಗಳು ಕುಗ್ಗಿದಂತೆ ಅದರ ತೂಕವು ಬೇಗ ಕುಗ್ಗುತ್ತದೆ, ಮೈಯ ಹರವು ಅಷ್ಟು ಬೇಗ ಕುಗ್ಗುವುದಿಲ್ಲ. 60 ಕಿಲೋ ತೂಗುವ ತಾಯಿಗೂ ಒಂದೂವರೆ ಕಿಲೋ ತೂಗುವ ಕೂಸಿಗೂ ತೂಕದಲ್ಲಿ 40 ಪಟ್ಟು ಅಂತರ. ಮೈಯ ಹರವಿನಲ್ಲಿ ಸುಮಾರು 12 ಪಟ್ಟು ಮಾತ್ರ. ಎಂದರೆ ಒಂದು ಕಿಲೋ ಮೈಗೆ ಲೆಕ್ಕ ಹಾಕಿದರೆ ಶಾಖವು ಸೋರಿಹೋಗುವ ಚರ್ಮವು ಕೂಸಿಗೆ ತಾಯಿಗಿಂತ ಮೂರು ಪಟ್ಟಿಗೂ ಹೆಚ್ಚು. ಅದರ ಮೇಲೆ ಚರ್ಮವು ತೆಳು, ಒಳಗಣ ಕೊಬ್ಬು ಇನ್ನೂ ಶೇಖರವಾಗಿಲ್ಲ, ನಡುಗಿ ಶಾಖವನ್ನು ಹುಟ್ಟಿಸುವ ಶಕ್ತಿಯೂ ಇಲ್ಲ. ಮೈಯ ಶಾಖವು 36.5 ಡಿಗ್ರಿಗಿಂತ ಇಳಿದರೆ ಕೂಸು ತನ್ನ ಅಲ್ಪ ಆಹಾರವನ್ನೂ ಆಮ್ಲಜನಕವನ್ನೂ ಬೆಚ್ಚಗಾಗುವುದಕ್ಕೇ ಸುಟ್ಟುಹಾಕುತ್ತದೆ. ಬೆಳೆಯುವುದಕ್ಕೆ ಏನೂ ಉಳಿಯದು. ಹುಟ್ಟಿದ ಕೂಡಲೇ ಎರೆಯುವ ಪದ್ಧತಿಯನ್ನು ವೈದ್ಯರು ಬೇಡವೆನ್ನುವುದು ಇದಕ್ಕಾಗಿ. ಬಾಣಂತಿಯ ಕೋಣೆಯಲ್ಲಿಡುವ ಅಗ್ಗಿಷ್ಟಿಕೆಯ ಉದ್ದೇಶವೇನೋ ಸರಿಯಾದುದೇ. ಆದರೆ ಅದರ ಹೊಗೆಯು ಕೂಸಿನ ಪುಪ್ಪುಸಗಳಿಗೆ ಕೇಡು.

ಈಗ ಅಜ್ಜಿಯವರ ಪ್ರಶ್ನೆಗೆ ಬರೋಣ. ಸಿಪ್ಯಾಪ್ ಎಂದರೇನು? ಎಡೆಬಿಡದೆ ಶ್ವಾಸನಾಳದಲ್ಲಿರಿಸುವ ಮೆಲುವಾದ ಒತ್ತಡ ಎಂಬುದನ್ನು ಹೇಳುವ ನಾಲ್ಕು ಇಂಗ್ಲಿಷು ಪದಗಳ ಮೊದಲಕ್ಷರಗಳು ಕೂಡಿ ಈ ಹೆಸರಾಗಿದೆ. ಅದೇಕೆ ಬೇಕೆಂಬುದನ್ನು ತಿಳಿಯಲು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ಒಂದು ಕೊಳವೆಯ ಎರಡು ತುದಿಗಳಲ್ಲಿ ಸಾಬೂನಿನ ಎರಡು ಗುಳ್ಳೆಗಳನ್ನು, ಒಂದನ್ನು ದೊಡ್ಡದಾಗಿ ಇನ್ನೊಂದನ್ನು ಚಿಕ್ಕದಾಗಿ ಊದಿ, ನಡುವಣ ದಾರಿಯನ್ನು ತೆರೆದುಬಿಡಿ. ಎರಡೂ ಸಮವಾಗುವುವೆಂದು ನೀವು ಊಹಿಸುವಿರಿ. ಆಗುವುದು ಬೇರೆ: ಚಿಕ್ಕ ಗುಳ್ಳೆಯು ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಬಿಟ್ಟುಕೊಟ್ಟು ತಾನು ಕುಸಿದುಹೋಗುತ್ತದೆ. ನೀರಿನ ಮೇಲ್ಮೈ ಎಳೆತವು ಗುಳ್ಳೆಯನ್ನು ಒಳಕ್ಕೆ ಹಿಂಡುತ್ತಿರುವುದಷ್ಟೆ. ಗುಳ್ಳೆ ಚಿಕ್ಕದಾದಷ್ಟೂ ಆ ಹಿಂಡುವಿಕೆ ಹೆಚ್ಚು. ಫ್ರಾನ್ಸಿನ ಲಾಪ್ಲಾಸನು ಈ ನಿಯಮವನ್ನು ಇನ್ನೂರು ವರ್ಷಗಳ ಹಿಂದೆಯೇ ಗಣಿತದಲ್ಲಿ ಬರೆದಿದ್ದನು.

ನಮ್ಮ ಪುಪ್ಪುಸಗಳು ಇಂಥ ಕೋಟ್ಯಂತರ ಗುಳ್ಳೆಗಳ ಗೊಂಚಲು. ಒಳಮೈಯಲ್ಲಿ ನೀರಿನ ತೆಳು ಪೊರೆ. ಲಾಪ್ಲಾಸನ ನಿಯಮದಂತೆ ಚಿಕ್ಕ ಗುಳ್ಳೆಗಳೆಲ್ಲ ಪ್ರತಿಸಲವೂ ಉಸಿರು ಬಿಟ್ಟೊಡನೆ ಅಂಟಿಕೊಳ್ಳಬೇಕು. ಅಂಟದಿರುವುದಕ್ಕೆ ಕಾರಣ, ಆ ಪೊರೆಯ ಮೇಲೆ ಹರಡಿಕೊಂಡು ಅದರ ಎಳೆತವನ್ನು ತಗ್ಗಿಸುವ ಜಿಡ್ಡಿನಂಥ ಒಂದು ದ್ರವ್ಯ. ಅದರ ಹೆಸರು ಸರ್ಫ್ಯಾಕ್ಟಂಟ್. ಗರ್ಭಸ್ಥ ಶಿಶುವಿನಲ್ಲಿ ಇದು ಸುಮಾರು 24ನೆಯ ವಾರದಿಂದ ಕಾಣಿಸಿಕೊಂಡು, 34-35 ವಾರಗಳ ಹೊತ್ತಿಗೆ ಸಾಕಷ್ಟಾಗುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಕೂಸು ಒಂದೊಂದು ಉಸಿರಿಗೂ, ಮೊದಲನೆಯ ಉಸಿರಿಗೆ ಪಟ್ಟಷ್ಟೇ ಪ್ರಯಾಸವನ್ನು ಪಡಬೇಕು. ಪಕ್ಕೆಗಳು ಒಳಕ್ಕೆ ಸೆಳೆಯುತ್ತವೆ. ಉಸಿರು ಬಿಡುವಾಗ ನರಳಿದಂತೆ ಸದ್ದಾಗುತ್ತದೆ. ಕೊನೆಗೆ ಕೂಸು ದಣಿದುಬಿಡುತ್ತದೆ. ಇದೇ ಆರ್.ಡಿ.ಎಸ್., ಶ್ವಾಸಯಾತನೆಯ ಬೇನೆ.

ಈ ಬೇನೆಗೆ ಕಾರಣವು ಸರ್ಫ್ಯಾಕ್ಟಂಟಿನ ಕೊರತೆಯೆಂಬುದನ್ನು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಎಂಬ ಇಬ್ಬರು 1959ರಲ್ಲಿ ತೋರಿಸಿಕೊಟ್ಟರು. ಕಾರಣ ತಿಳಿದರೂ ಮದ್ದು ಕೈಗೆ ಬಂದಿರಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಐದೂವರೆ ವಾರ ಮೊದಲೇ ಒಂದು ಗಂಡುಮಗು ಹುಟ್ಟಿತು. ತೂಕ ಎರಡು ಕಿಲೋಗ್ರಾಮಿಗೂ ಮೇಲಿತ್ತು, ಆನಂದಪುರದ ಕೂಸಿಗಿಂತ ಎಷ್ಟೋ ಹೆಚ್ಚು. ಆದರೂ 39 ಗಂಟೆಗಳಲ್ಲಿ ಅದು ತೀರಿಕೊಂಡಿತು. ಅಂದಿನ ಜಗತ್ತಿನಲ್ಲಿ ಅತ್ಯಂತ ಬಲಿಷ್ಠನೆನಿಸಿದ್ದ ತಂದೆಗೆ ದೊರೆಯದಿದ್ದ ಚಿಕಿತ್ಸೆ ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ದೊರೆಯುತ್ತದೆ.

ಆ ಚಿಕಿತ್ಸೆಗೆ ಮೂರು ಮುಖಗಳು. ಒಂದು, ಹಸು ಅಥವಾ ಹಂದಿಯ ಪುಪ್ಪುಸದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಶ್ವಾಸನಾಳಕ್ಕೆ ನೇರವಾಗಿ ಹನಿಸುವುದು. ಜಪಾನಿನ ಫುಜಿವಾರಾ ಇದರಲ್ಲಿ ಯಶಸ್ಸು ಪಡೆದದ್ದು 1980ರಲ್ಲಿ. ಎರಡನೆಯದೇ ಸಿಪ್ಯಾಪ್. ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೆಗೊರಿ 1971ರಲ್ಲಿ ಪ್ರಕಟಿಸಿದ ಈ ವಿಧಾನದ ಸರಳತೆಯು ಬೆರಗುಗೊಳಿಸುವಂಥದು. ಕೂಸಿನ ಮೂಗಿಗೆ ಎರಡು ಮೆತ್ತನೆಯ ನಳಿಕೆಗಳನ್ನಿಟ್ಟು ಗಾಳಿಯನ್ನು ಹರಿಸುವರು. ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ಒಂದು ನೀರಿನ ಸೀಸೆಯಲ್ಲಿ ಐದು ಸೆಂಟಿಮೀಟರು ಆಳಕ್ಕೆ ಮುಳುಗಿಸಿಡುವುದೂ ಉಂಟು. ಗಾಳಿಯು ಆ ಐದು ಸೆಂಟಿಮೀಟರು ನೀರನ್ನು ತಳ್ಳಿಕೊಂಡೇ ಹೊರಬರಬೇಕಾದುದರಿಂದ, ಅಷ್ಟು ಒತ್ತಡವು ಪುಪ್ಪುಸದೊಳಗೂ ಸದಾ ನಿಂತಿರುತ್ತದೆ. ಗುಳ್ಳೆಗಳು ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ವಾಯುಮಂಡಲದ ಒತ್ತಡವು 1033 ಸೆಂಟಿಮೀಟರು ನೀರಿಗೆ ಸಮ; ಅದರ ಇನ್ನೂರರಲ್ಲಿ ಒಂದು ಪಾಲಿನಷ್ಟು ಒತ್ತಡವು ಒಂದು ಪ್ರಾಣವನ್ನು ಹಿಡಿದು ನಿಲ್ಲಿಸುತ್ತದೆ. ಸೀಸೆಯು ಹಿಂದಿನವರ ಗುಡುಗುಡಿಯಂತೆ ಗುಳುಗುಳು ಸದ್ದು ಮಾಡುತ್ತಿರುತ್ತದೆ. ಕೂಸು ಉಸಿರಾಡುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಸಿಪ್ಯಾಪ್ ಹಾಕಿದ ಕೂಸು ತಾನೇ ಉಸಿರಾಡುತ್ತದೆ. ಅದರ ಪರವಾಗಿ ಯಂತ್ರವೇ ಉಸಿರನ್ನು ತಳ್ಳುವುದು ವೆಂಟಿಲೇಟರಿನಲ್ಲಿ. ಇವೆರಡರ ಭೇದವನ್ನು ಕೇಳಿದ ಮೇಲೆ ಅಜ್ಜಿಯವರು ಎದ್ದುಹೋಗಿ ನನಗೆ ಕಾಫಿ ತಂದುಕೊಟ್ಟರು.

ಮೂರನೆಯದು ಹುಟ್ಟುವ ಮೊದಲೇ ಮಾಡುವ ಚಿಕಿತ್ಸೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯನು ಕುರಿಗಳಲ್ಲಿ ಹೆರಿಗೆಯ ಕಾರಣವನ್ನು ಹುಡುಕುತ್ತಿದ್ದಾಗ, ಸ್ಟೆರಾಯ್ಡ್ ಕೊಟ್ಟ ಮರಿಗಳು ಬದುಕಲಾಗದಷ್ಟು ಎಳೆಯವಾಗಿದ್ದರೂ ಉಸಿರಾಡುತ್ತಿದ್ದುದನ್ನು ಕಂಡನು. ಹೋವಿ ಎಂಬ ಸಹೋದ್ಯೋಗಿಯೊಡನೆ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದನು. ನಮ್ಮ ದೇಶದಲ್ಲಿ 24ರಿಂದ 34 ವಾರಗಳ ನಡುವೆ ಅಕಾಲದ ನೋವು ಕಾಣಿಸಿದ ಗರ್ಭಿಣಿಗೆ ಡೆಕ್ಸಾಮೆಥಸೋನ್ ಎಂಬ ಮದ್ದನ್ನು 12 ಗಂಟೆಗೊಮ್ಮೆಯಂತೆ ನಾಲ್ಕು ಸಲ ಚುಚ್ಚುವರು. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲನೆಯದನ್ನು ಊರಿನಲ್ಲಿಯೇ ದಾದಿಯು ಚುಚ್ಚಬಹುದೆಂದು 2014ರಿಂದ ಕೇಂದ್ರ ಸರ್ಕಾರದ ನಿಯಮವಿದೆ. ಆನಂದಪುರದಿಂದ ವಾಹನವು ಹೊರಡುವ ಮೊದಲಿನ ಐದು ನಿಮಿಷಗಳಲ್ಲಿ ಆಗುವ ಕೆಲಸವಿದು. ದಾರಿಯಲ್ಲಿ ಕಳೆಯುವ ಸಮಯವೆಲ್ಲ ಆಗ ಕೂಸಿನ ಪುಪ್ಪುಸವನ್ನು ಬಲಿಸುವುದಕ್ಕೆ ಒದಗುತ್ತದೆ.

ಸ್ಯಾಚುರೇಷನ್ ಎಂಬುದು ಹುಡುಗನು ಫೋನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುತ್ತಿದ್ದ ಮಾತು. ರಕ್ತದ ಹಿಮೊಗ್ಲೋಬಿನ್ನನ್ನು ತಾಳಗುಪ್ಪದ ರೈಲಿಗೆ ಹೋಲಿಸಿದರೆ, ನೂರು ಸೀಟುಗಳಲ್ಲಿ ಎಷ್ಟರ ಮೇಲೆ ಆಮ್ಲಜನಕವು ಕುಳಿತಿದೆಯೆಂಬ ಲೆಕ್ಕವೇ ಅದು. ಆಮ್ಲಜನಕವಿದ್ದ ರಕ್ತ ಕಡುಗೆಂಪು, ಇಲ್ಲದ್ದು ಮಬ್ಬು. ಆದಕಾರಣ ಕೂಸಿನ ಅಂಗೈಗೋ ಪಾದಕ್ಕೋ ಒಂದು ಪಟ್ಟಿಯನ್ನು ಸುತ್ತಿ, ಒಂದು ಕಡೆಯಿಂದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಹಾಯಿಸಿ, ಎರಡೂ ಎಷ್ಟೆಷ್ಟು ಹೀರಲ್ಪಟ್ಟುವೆಂಬುದನ್ನು ಇನ್ನೊಂದು ಕಡೆಯಲ್ಲಿ ಅಳೆದರೆ ಲೆಕ್ಕ ಸಿಕ್ಕಿತು. ಸೂಜಿ ಚುಚ್ಚಬೇಕಾಗಿಲ್ಲ. ನಾಡಿಯ ಮಿಡಿತವನ್ನು ಬಳಸಿಕೊಂಡು ಈ ಅಳತೆಯನ್ನು ಸಾಧ್ಯಗೊಳಿಸಿದವನು ಜಪಾನಿನ ತಕುವೊ ಅವೊಯಾಗಿ, 1970ರ ದಶಕದ ಮೊದಲಲ್ಲಿ.

“ತೊಂಬತ್ತೆರಡು ಇದೆ ಅಂತಾನೆ. ನೂರಕ್ಕೆ ನೂರು ಯಾಕೆ ಮಾಡಬಾರದು? ಆಕ್ಸಿಜನ್ನಿಗೇನು ಬಡತನವೋ?” ಎಂದು ಅಜ್ಜಿಯವರು ಕೇಳಿದರು.

ಇದು ಬಹಳ ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆಯನ್ನು 1940ರ ದಶಕದ ವೈದ್ಯರು ತಮ್ಮನ್ನು ತಾವು ಕೇಳಿಕೊಂಡು, ಧಾರಾಳವಾಗಿ ಆಮ್ಲಜನಕವನ್ನು ಕೊಟ್ಟರು. ಎಳೆಗೂಸುಗಳು ಬದುಕಿದುವು, ಆದರೆ ಅವುಗಳಲ್ಲಿ ಅನೇಕವು ಕುರುಡಾದುವು. 1942ರಲ್ಲಿ ಬಾಸ್ಟನ್ನಿನ ಟೆರಿ ಎಂಬುವನು ಈ ಹೊಸ ಬಗೆಯ ಕುರುಡನ್ನು ವರ್ಣಿಸಿದಾಗ ಕಾರಣವು ಯಾರಿಗೂ ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಉತ್ತಮ ಸಲಕರಣೆಗಳಿದ್ದ ಆಸ್ಪತ್ರೆಗಳಲ್ಲಿಯೇ ಇದು ಹೆಚ್ಚು. 1951ರಲ್ಲಿ ಮೆಲ್ಬೋರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆಯು, ಅಪರಾಧಿಯು ಆಮ್ಲಜನಕವಿರಬಹುದೆಂದು ಬೆರಳು ತೋರಿಸಿದಳು. 1953-54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯಲ್ಲಿ ಅದು ಸ್ಥಿರಪಟ್ಟಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳ ದೃಷ್ಟಿ ಹೋಗಿತ್ತು. ಆರು ವಾರ ಮೊದಲೇ 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬ.

ಕಥೆಯು ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬೆದರಿದ ವೈದ್ಯರು ಆಮ್ಲಜನಕದ ಕೈಯನ್ನು ಬಿಗಿಹಿಡಿದರು. ಕುರುಡುತನ ತಗ್ಗಿತು, ಸಾವು ಏರಿತು. ಒಂದು ಮಗುವಿನ ಕಣ್ಣುಳಿಸಲು ಸುಮಾರು ಹದಿನಾರು ಮಕ್ಕಳ ಪ್ರಾಣವನ್ನು ತೆತ್ತಂತಾಯಿತೆಂದು ಇಂಗ್ಲೆಂಡಿನ ಕೆನ್ನೆತ್ ಕ್ರಾಸ್ 1973ರಲ್ಲಿ ಲೆಕ್ಕ ಕಟ್ಟಿದನು. ಹೆಚ್ಚೆಷ್ಟು, ಕಡಮೆಯೆಷ್ಟು ಎಂಬುದನ್ನು ಗೊತ್ತುಮಾಡಲು ಬೇರೆಬೇರೆ ದೇಶಗಳಲ್ಲಿ ಐದು ದೊಡ್ಡ ಪರೀಕ್ಷೆಗಳು ನಡೆದು 2010ರಿಂದ ಈಚೆಗೆ ಫಲಿತಾಂಶಗಳು ಹೊರಬಂದುವು. 28 ವಾರಗಳಿಗೆ ಮೊದಲೇ ಹುಟ್ಟಿದ ಐದು ಸಾವಿರದಷ್ಟು ಶಿಶುಗಳಲ್ಲಿ ಕೆಲವರನ್ನು 85ರಿಂದ 89ರ ನಡುವೆ, ಮಿಕ್ಕವರನ್ನು 91ರಿಂದ 95ರ ನಡುವೆ ಇರಿಸಿ ನೋಡಿದರು. ಕೆಳಗಣ ಗುಂಪಿನಲ್ಲಿ ಕಣ್ಣಿನ ಬೇನೆ ಕಡಮೆ, ಸಾವು ಹೆಚ್ಚು. ಮೇಲಣ ಗುಂಪಿನಲ್ಲಿ ಅದರ ತಿರುವುಮುರುವು. ಈಗ ಆಮ್ಲಜನಕವನ್ನು ಪಡೆಯುತ್ತಿರುವ ಎಳೆಗೂಸನ್ನು ಸಾಮಾನ್ಯವಾಗಿ 90ರಿಂದ 95ರ ನಡುವೆ ಇರಿಸುವುದಕ್ಕೆ ಹಿನ್ನೆಲೆ ಇಷ್ಟು. ತೊಂಬತ್ತೆರಡು ಎಂಬುದು ದಾರಿಯ ನಟ್ಟನಡುವೆ.

ಆಪ್ನಿಯಾ ಎಂದರೆ ಗ್ರೀಕಿನಲ್ಲಿ ಉಸಿರಿಲ್ಲದಿರುವುದು. ಎಳೆಗೂಸಿನ ಮಿದುಳು ಉಸಿರಾಡುವುದನ್ನು ಒಮ್ಮೊಮ್ಮೆ ಮರೆತುಬಿಡುತ್ತದೆ. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಮರೆತರೆ, ಅಥವಾ ಅಷ್ಟರೊಳಗೇ ನಾಡಿ ಇಳಿದರೆ, ಗಂಟೆ ಬಾರಿಸುತ್ತದೆ. ದಾದಿಯು ಬಂದು ಅಂಗಾಲನ್ನು ಮೆಲ್ಲನೆ ಉಜ್ಜಿದರೆ ಎಷ್ಟೋ ಸಲ ಕೂಸಿಗೆ ಜ್ಞಾಪಕ ಬರುತ್ತದೆ. ಇದಕ್ಕೆ ಕೊಡುವ ಮದ್ದನ್ನು ಕೇಳಿದರೆ ಮಲೆನಾಡಿನವರು ನಕ್ಕಾರು: ಕೆಫೀನ್, ಕಾಫಿಯ ಸತ್ತ್ವ. 2006ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ, ಕೆಫೀನ್ ಪಡೆದ ಶಿಶುಗಳು ಉಸಿರಾಟದ ಆಸರೆಯಿಂದ ಬೇಗನೆ ಹೊರಬಂದುದು ಸಿದ್ಧಪಟ್ಟಿತು. ಇದು ತೂಕಕ್ಕೆ ತಕ್ಕಂತೆ ಮಿಲಿಗ್ರಾಮಿನಲ್ಲಿ ಅಳೆದು ವೈದ್ಯರು ಕೊಡುವ ಶುದ್ಧ ಔಷಧವೆಂಬುದನ್ನೂ, ಮನೆಯ ಲೋಟದಿಂದ ಒಂದು ಹನಿಯೂ ಕೂಸಿಗೆ ಸಲ್ಲದೆಂಬುದನ್ನೂ ಹೇಳಿಯೇ ಮುಂದೆ ಹೋಗಬೇಕು.

ಚೀಟಿಯಲ್ಲಿಲ್ಲದ ಮಾತುಗಳೂ ಕಿವಿಗೆ ಬೀಳುವುವು. ಕೂಸನ್ನು ಲೈಟಿಗೆ ಇಟ್ಟಿದ್ದಾರೆ ಎಂದರೆ ಕಾಮಾಲೆಗೆ ನೀಲಿ ಬೆಳಕಿನ ಚಿಕಿತ್ಸೆ. ಬೆಳಕು ಬಿದ್ದಾಗ ಚರ್ಮದಲ್ಲಿರುವ ಬಿಲಿರುಬಿನ್ ಎಂಬ ಹಳದಿ ದ್ರವ್ಯದ ಅಣುಗಳು ಆಕಾರವನ್ನು ಬದಲಿಸಿ, ಮೈಯಿಂದ ಹೊರಹೋಗಬಲ್ಲಂಥವಾಗುತ್ತವೆ. ಇದರ ಮೊದಲ ಸುಳಿವನ್ನು ಕೊಟ್ಟವಳು 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಎಂಬ ದಾದಿ. ಬಿಸಿಲಿಗೆ ಒಡ್ಡಿದ ಕೂಸುಗಳ ಹಳದಿ ಮಾಸುವುದನ್ನು ಅವಳು ಗಮನಿಸಿದ್ದಳು. ಸೆಪ್ಸಿಸ್ ಎಂದರೆ ರಕ್ತಕ್ಕೆ ತಗಲಿದ ಸೋಂಕು. ಒಳಗೆ ಹೋಗುವವರೆಲ್ಲ ಮೊಣಕೈವರೆಗೆ ಕೈತೊಳೆಯಬೇಕೆಂದು ಗದರುವುದು ಇದರ ಭಯದಿಂದ. ಹೀರುವ ಬಲವಿಲ್ಲದ ಕೂಸಿಗೆ ತಾಯಿಯ ಹಾಲನ್ನು ಮೊದಲು ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ, ಹನಿಲೆಕ್ಕದಲ್ಲಿ ಕೊಡುವರು. ಆಮೇಲೆ ಬರುವುದು ಪಾಲಾಡೈ. ಈ ತಮಿಳು ಹೆಸರನ್ನು ಕೇಳಿ ಅದೇನೋ ಹೊಸ ಉಪಕರಣವೆಂದು ಭ್ರಮಿಸಬೇಡಿ. ನಮ್ಮ ಅಟ್ಟದ ಮೇಲೆ ಕಿಲುಬು ಹಿಡಿದು ಬಿದ್ದಿರುವ ಒಳಲೆಯೇ ಅದು. ಸೀಸೆಯ ರಬ್ಬರು ತೊಟ್ಟಿಗಿಂತ ತೊಳೆಯಲು ಸುಲಭವಾದ್ದರಿಂದ ಘಟಕಗಳಲ್ಲಿ ಅದಕ್ಕೆ ಮರ್ಯಾದೆ.

ಅಜ್ಜಿಯವರಿಗೆ ಅತ್ಯಂತ ಹಿಡಿಸಿದ ಮಾತೆಂದರೆ ಕಾಂಗರೂ. ಕೂಸು ಒಂದಿಷ್ಟು ಸುಧಾರಿಸಿದ ಮೇಲೆ ಅದನ್ನು ಬರಿಮೈಯಲ್ಲಿ ತಾಯಿಯ ಎದೆಗೆ ನೆಟ್ಟಗೆ ಅಂಟಿಸಿ, ಮೇಲೆ ಬಟ್ಟೆ ಕಟ್ಟಿ, ಗಂಟೆಗಟ್ಟಲೆ ಹಾಗೆಯೇ ಇರಿಸುವರು. ಕೊಲಂಬಿಯಾದ ಬೊಗೊಟಾ ನಗರದಲ್ಲಿ ಕಾವುಪೆಟ್ಟಿಗೆಗಳ ಅಭಾವದಿಂದ ಕಂಗೆಟ್ಟ ಎಡ್ಗರ್ ರೇ ಎಂಬ ವೈದ್ಯನು 1978ರಲ್ಲಿ ಇದನ್ನು ಆರಂಭಿಸಿದನು. ಮೊದಲು ಬಡವರ ಉಪಾಯವೆಂದು ಎಣಿಸಿದ್ದನ್ನು ಈಗ ಎಲ್ಲ ದೇಶಗಳೂ ಅನುಸರಿಸುತ್ತಿವೆ. ಕೂಸು ಸುಧಾರಿಸುವವರೆಗೂ ಕಾಯದೆ ಹುಟ್ಟಿದೊಡನೆಯೇ ಹೀಗೆ ಮಾಡಿದರೆ ಏನಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಪರೀಕ್ಷಿಸಿತು. 2021ರಲ್ಲಿ ಬಂದ ಫಲಿತಾಂಶದಂತೆ, ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ, ಆಸ್ಪತ್ರೆಯಿಂದ ಮನೆಯವರೆಗೂ ಈ ಪದ್ಧತಿಯನ್ನು ಹಬ್ಬಿಸುವುದು ಹೇಗೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಮಾಡಿ ನೋಡಿದ್ದಾರೆ. ತಾಯಿಯೇ ಆಗಬೇಕೆಂದಿಲ್ಲ, ತಂದೆಯ ಎದೆಯೂ ಆದೀತು, ಅಜ್ಜಿಯದೂ ಆದೀತು.

ಉಳಿದದ್ದು ಚೀಟಿಯ ಕೊನೆಯ ಪದ, ಆರ್.ಓ.ಪಿ. ಅದರ ಮುಂದೆ ಹುಡುಗಿಯು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದ್ದಳು. ಇತರ ಆರು ಪದಗಳನ್ನು ತಿಳಿಯದಿದ್ದರೂ ವೈದ್ಯರು ತಮ್ಮ ಕೆಲಸವನ್ನು ಮಾಡುತ್ತಾರೆ. ಇದೊಂದು ಪದವು ಮಾತ್ರ ಮನೆಯವರಿಗೆ ತಿಳಿಯದಿದ್ದರೆ ಕೆಲಸ ಕೆಡುತ್ತದೆ. ಅವಧಿಪೂರ್ವ ಶಿಶುವಿನ ಅಕ್ಷಿಪಟದ ಬೇನೆ ಎಂದು ಇದರ ಅರ್ಥ. ಹಿಂದೆ ಹೇಳಿದ ಕುರುಡುತನವೇ ಇದು. ಕಣ್ಣಿನ ಒಳಪರದೆಯ ರಕ್ತನಾಳಗಳು ನಡುವಿನಿಂದ ಅಂಚಿಗೆ ಬಳ್ಳಿಯಂತೆ ಹಬ್ಬುತ್ತ ಹೋಗಿ, ನಲವತ್ತನೆಯ ವಾರದ ಹೊತ್ತಿಗೆ ಕೊನೆಯ ಅಂಚನ್ನು ಮುಟ್ಟುತ್ತವೆ. ಮೊದಲೇ ಹುಟ್ಟಿದ ಕೂಸಿನಲ್ಲಿ ಬಳ್ಳಿಯು ಅರ್ಧಕ್ಕೆ ನಿಂತಿರುತ್ತದೆ. ಗರ್ಭಕ್ಕಿಂತ ಹೊರಗೆ ಆಮ್ಲಜನಕ ಹೆಚ್ಚಾದುದರಿಂದ ಅದು ಮುಂದುವರಿಯುವುದನ್ನು ಬಿಡುತ್ತದೆ. ಕೆಲವು ವಾರಗಳ ಮೇಲೆ, ನಾಳಗಳಿಲ್ಲದ ಅಂಚು ಹಸಿವಿನಿಂದ ಕೂಗಿಕೊಂಡಾಗ, ನಾಳಗಳು ಅಡ್ಡಾದಿಡ್ಡಿಯಾಗಿ ಚಿಗುರಿ, ಸೋರಿ, ಗಂಟುಬಿದ್ದು, ಪರದೆಯನ್ನೇ ಅದರ ಸ್ಥಳದಿಂದ ಕಿತ್ತೆಳೆಯಬಹುದು. ಹೊರಗೆ ಏನೂ ಕಾಣಿಸದು. ಕಣ್ಣು ಹೊಳೆಯುತ್ತಿರುತ್ತದೆ. ಸಕಾಲದಲ್ಲಿ ಕಂಡುಹಿಡಿದರೆ ಲೇಸರ್ ಕಿರಣದಿಂದಲೋ ಕಣ್ಣಿಗೆ ಕೊಡುವ ಚುಚ್ಚುಮದ್ದಿನಿಂದಲೋ ತಡೆಯಬಹುದು. ಆ ಸಕಾಲವೆಂಬುದು ಎಷ್ಟೋ ಸಲ ಕೆಲವೇ ದಿನಗಳದ್ದು.

ಆದುದರಿಂದ ಎರಡು ಕಿಲೋಗ್ರಾಮಿಗಿಂತ ಕಡಮೆ ತೂಕದ, ಅಥವಾ 34 ವಾರಗಳಿಗೆ ಮೊದಲು ಹುಟ್ಟಿದ ಪ್ರತಿ ಶಿಶುವಿನ ಕಣ್ಣನ್ನೂ ಹುಟ್ಟಿದ ಮೂವತ್ತು ದಿನಗಳೊಳಗೆ, ತೀರ ಎಳೆಯದಾದರೆ ಇನ್ನೂ ಮೊದಲೇ, ತಜ್ಞರು ನೋಡಬೇಕೆಂದು ನಮ್ಮ ದೇಶದಲ್ಲಿ ಗೊತ್ತುಮಾಡಿದ್ದಾರೆ. ತಜ್ಞರು ಎಲ್ಲಿದ್ದಾರೆ? ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿ. ಈ ತೊಡಕಿಗೆ ಕರ್ನಾಟಕದಲ್ಲಿಯೇ ಒಂದು ಜಾಣತನದ ಪರಿಹಾರವು ಹುಟ್ಟಿತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ ಮತ್ತು ಅವರ ಸಂಗಡಿಗರು ಕಿಡ್‌ರಾಪ್ ಎಂಬ ಯೋಜನೆಯನ್ನು ತೊಡಗಿದರು. ತರಬೇತಿ ಹೊಂದಿದ ತಂತ್ರಜ್ಞರು ಕೂಸಿನ ಕಣ್ಣೊಳಗಿನ ಚಿತ್ರವನ್ನು ತೆಗೆಯುವ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುವರು. ಚಿತ್ರಗಳು ಅಂತರಜಾಲದ ಮೂಲಕ ಬೆಂಗಳೂರಿನ ತಜ್ಞರ ಕಣ್ಣಮುಂದೆ ನಿಲ್ಲುವುವು. ಕಣ್ಣಿನ ವೈದ್ಯರಲ್ಲದವರು ತೆಗೆದ ಚಿತ್ರವನ್ನು ನಂಬಬಹುದೇ ಎಂದು ಮೊದಮೊದಲು ಅನುಮಾನಪಟ್ಟವರುಂಟು. ಅನುಭವವು ಆ ಅನುಮಾನವನ್ನು ಹೋಗಲಾಡಿಸಿತು. ಇದೇ ಮಾದರಿಯನ್ನು ಬೇರೆಡೆಗಳಲ್ಲಿಯೂ ಕೈಕೊಂಡಿದ್ದಾರೆ.

ಆದರೆ ಕ್ಯಾಮೆರಾ ಎಲ್ಲಿಯವರೆಗೆ ಬಂದರೂ ಕೂಸು ಅದರ ಮುಂದೆ ಬರಬೇಕಷ್ಟೆ. ತೊಡಕಿರುವುದು ಇಲ್ಲಿ. ಆನಂದಪುರದ ಕೂಸು 24ನೆಯ ದಿನ ಮನೆಗೆ ಬಂದಿತು. ಬಿಡುಗಡೆಯ ಚೀಟಿಯಲ್ಲಿ, ಹತ್ತು ಔಷಧಗಳ ಕೆಳಗೆ, ಆರ್.ಓ.ಪಿ. ಎಂದು ಬರೆದು ಒಂದು ತಾರೀಖನ್ನು ಹಾಕಿದ್ದರು. ಅದು 29ನೆಯ ದಿನ. ಮನೆಯಲ್ಲಿ ಸಂತೋಷವೋ ಸಂತೋಷ, ತಾರೀಖನ್ನು ನೋಡುವವರು ಯಾರು? ನೋಡಿದ ಮೇಲೂ ಇನ್ನೊಂದು ಮಾತು ಬಂದಿತು: ನಲವತ್ತು ದಿನ ಕಳೆಯದೆ ಎಳೆಗೂಸನ್ನು ಹೊಸ್ತಿಲು ದಾಟಿಸಬಾರದು, ಅದರಲ್ಲಿಯೂ ಇಂಥ ಮಳೆಯಲ್ಲಿ, ಇಂಥ ಕೂಸನ್ನು. ನಲವತ್ತು ದಿನದ ಕಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಚಳಿಯಿಂದಲೂ ಜನರ ಸೋಂಕಿನಿಂದಲೂ ಕೂಸನ್ನು ಕಾಪಾಡಲು ಹಿರಿಯರು ಕಂಡುಕೊಂಡ ದಾರಿ ಅದು. ಆದರೆ ಕಣ್ಣಿನ ಲೆಕ್ಕವು ಮೂವತ್ತಕ್ಕೆ ಮುಗಿಯುತ್ತದೆ. ಮನೆಗೆ ಬಂದು ಕೂಸನ್ನು ತೂಗಿ ನೋಡುತ್ತಿದ್ದ ಆಶಾ ಕಾರ್ಯಕರ್ತೆಯೂ 28ನೆಯ ದಿನದ ಭೇಟಿಯಲ್ಲಿ ಇದನ್ನೇ ಹೇಳಿದರಂತೆ.

ಕೊನೆಗೆ ತೀರ್ಮಾನ ಮಾಡಿದವರು ಅಜ್ಜಿಯೇ. “ಕಾಂಗರೂ ಕಟ್ಟಿಕೊಂಡು ಹೋಗೂದು. ಚಳಿ ಹೆಂಗೆ ತಾಗ್ತದೆ ನೋಡೂಣ” ಎಂದು ಮಗಳಿಗೆ ಹೇಳಿ, ತಾವೂ ಸೆರಗು ಹೊದ್ದು ಕಾರಿನಲ್ಲಿ ಕುಳಿತರು. ದಾರಿಯಲ್ಲಿ ಅರ್ಧ ಹೊತ್ತು ಕೂಸು ತಾಯಿಯ ಎದೆಯ ಮೇಲೆ, ಅರ್ಧ ಹೊತ್ತು ಅಜ್ಜಿಯ ಎದೆಯ ಮೇಲೆ. ಕಣ್ಣಿಗೆ ಹನಿ ಹಾಕಿ, ಚಿತ್ರ ತೆಗೆದು, ರಕ್ತನಾಳಗಳು ಅಂಚಿನವರೆಗೆ ಇನ್ನೂ ಬಂದಿಲ್ಲ, ಬೇನೆಯೇನೂ ಕಾಣುತ್ತಿಲ್ಲ, ಎರಡು ವಾರ ಬಿಟ್ಟು ಮತ್ತೆ ಕರೆತನ್ನಿ ಎಂದರಂತೆ. ಈಚೆಗೆ ನಾನು ಹೋದಾಗ ಕ್ಯಾಲೆಂಡರು ಗೋಡೆಯ ಮೇಲಿತ್ತು. ಎರಡು ತಾರೀಖುಗಳ ಸುತ್ತ ಕೆಂಪು ಶಾಯಿಯ ಗೆರೆ. ಒಂದರ ಮೇಲೆ ಅಡ್ಡಗೀಟು ಬಿದ್ದಿತ್ತು, ಇನ್ನೊಂದಕ್ಕೆ ಆರು ದಿನಗಳಿದ್ದುವು.